ಎಂಎಸ್ಸಿ ಸೀಟಿನ ಮುಂದೆ ನಿಂತವರಿಗೆ

ಪದವಿ ಫಲಿತಾಂಶ ಬಂದು, ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಕರೆಯುವ ದಿನಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಜೀವವಿಜ್ಞಾನದವರದೇ ಹೆಚ್ಚು. ಗಣಿತದವರಿಗೆ ಈ ತಾಪತ್ರಯವಿಲ್ಲ, ಮುಂದೆಯೂ ಗಣಿತವೇ. ಜೀವವಿಜ್ಞಾನದವರ ಎದುರು ಮಾತ್ರ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಪರಿಸರ ವಿಜ್ಞಾನ ಎಂದು ಸಾಲು ಬಾಗಿಲು. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರು ಬಿಟ್ಟಿದ್ದೇನೆ, ಊರು ಸಾಕು.

ಮೇಡಂ, ಬಿಎಸ್ಸಿಯಲ್ಲಿ ನನ್ನದು ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ). ನನಗೆ ಗಿಡಗಳೆಂದರೆ ಇಷ್ಟ. ಅಪ್ಪ ಬಯೋಟೆಕ್ನಾಲಜಿಗೆ ಮಾತ್ರ ಸ್ಕೋಪ್ ಇದೆ ಎನ್ನುತ್ತಾರೆ. ದೊಡ್ಡಮ್ಮನ ಮಗ ಮೈಕ್ರೋಬಯಾಲಜಿ ಓದಿ ಬೆಂಗಳೂರಿನ ಕಂಪನಿಯಲ್ಲಿದ್ದಾನೆ, ಅವನು ಅದನ್ನೇ ತಗೋ ಎನ್ನುತ್ತಾನೆ. ಯಾವುದು ತಗೊಳ್ಳಲಿ?
– ವಿದ್ಯಾರ್ಥಿನಿ, ಶಿರಸಿ

ಅಪ್ಪನೂ ಅಣ್ಣನೂ ವಿಷಯದ ಹೆಸರು ಹೇಳುತ್ತಿದ್ದಾರೆ. ಆ ವಿಷಯ ಓದಿದವರು ಬೆಳಗಿನಿಂದ ಸಂಜೆವರೆಗೆ ಏನು ಕೆಲಸ ಮಾಡುತ್ತಾರೆ ಎಂದು ಇಬ್ಬರೂ ಹೇಳಿದಂತಿಲ್ಲ. ಬಯೋಟೆಕ್ನಾಲಜಿ ಎಂದರೆ ಬಹುಪಾಲು ಪಿಪೆಟ್ ಹಿಡಿದು ನಿಲ್ಲುವ ಕೆಲಸ. ಬಣ್ಣವಿಲ್ಲದ ದ್ರವಗಳನ್ನು ಮೈಕ್ರೋಲೀಟರ್ ಲೆಕ್ಕದಲ್ಲಿ ಅಳೆದು ಚಿಕ್ಕ ಟ್ಯೂಬಿಗೆ ಹಾಕಿ, ಪಿಸಿಆರ್ ಯಂತ್ರಕ್ಕಿಟ್ಟು, ಜೆಲ್ ಓಡಿಸಿ, ಕೊನೆಗೆ ಬೇಕಾದ ಪಟ್ಟಿ ಮೂಡಿದೆಯೋ ಇಲ್ಲವೋ ನೋಡುವುದು. ಮೂಡದಿದ್ದರೆ ಮತ್ತೆ ಮೊದಲಿನಿಂದ. ಮೈಕ್ರೋಬಯಾಲಜಿಯಲ್ಲಿ ಮೀಡಿಯಾ ತಯಾರಿಸಿ, ಆಟೋಕ್ಲೇವ್ ಮಾಡಿ, ಪ್ಲೇಟು ಸುರಿದು, ಮಾರನೆಯ ದಿನ ಬೆಳೆದದ್ದನ್ನು ಎಣಿಸುವುದು. ಸಸ್ಯಶಾಸ್ತ್ರದಲ್ಲೂ ಪಿಸಿಆರ್ ಉಂಟು, ಅಂಗಾಂಶ ಕೃಷಿ ಉಂಟು. ಜೊತೆಗೆ ಕಾಡು ಸುತ್ತುವುದು, ಮಾದರಿ ತಂದು ಒತ್ತಿ ಒಣಗಿಸಿ ಹರ್ಬೇರಿಯಂ ಹಾಳೆಗೆ ಅಂಟಿಸುವುದು, ಹೂವನ್ನು ಸೀಳಿ ಲೆನ್ಸಿನಡಿ ನೋಡಿ ಕೀಲಿ ಹಿಡಿದು ಗುರುತಿಸುವುದು ಇದೆ. ಈ ಮೂರರಲ್ಲಿ ಯಾವ ಕೆಲಸವನ್ನು ಸತತ ಎಂಟು ತಿಂಗಳು ಬೇಸರವಿಲ್ಲದೆ ಮಾಡಬಲ್ಲಿರಿ? ಮೊದಲ ಪ್ರಶ್ನೆ ಅದು.

ಎರಡನೆಯದು ಯಾರೂ ಹೇಳಿಕೊಡದ ಪ್ರಶ್ನೆ: ಪದವಿಯ ಹೆಸರು ಎಲ್ಲಿ ಲೆಕ್ಕಕ್ಕೆ ಬರುತ್ತದೆ? ಪ್ರಯೋಗಾಲಯದ ಲೋಕದಲ್ಲಿ ಪದವಿಯ ಹೆಸರಿಗೆ ಅಷ್ಟು ಬೆಲೆಯಿಲ್ಲ, ನಿಮ್ಮ ಕೈಗೆ ಏನು ಬರುತ್ತದೆ ಎಂದಷ್ಟೇ ಕೇಳುತ್ತಾರೆ. ಸರ್ಕಾರಿ ನೇಮಕಾತಿಯಲ್ಲಿ ಮಾತ್ರ ಹೆಸರೇ ಎಲ್ಲ. ಪಿಯು ಉಪನ್ಯಾಸಕ ಹುದ್ದೆಯ ಅಧಿಸೂಚನೆ ಬಂದಾಗ ಜೀವಶಾಸ್ತ್ರದ ಎದುರು ಯಾವ ಯಾವ ಎಂಎಸ್ಸಿಗಳ ಹೆಸರು ಬರೆದಿದೆ, ನೋಡಿ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದವರು ನಿಶ್ಚಿಂತೆಯಿಂದ ಅರ್ಜಿ ಹಾಕುತ್ತಾರೆ. ಹೊಸ ಹೆಸರಿನ ಎಂಎಸ್ಸಿ ಮಾಡಿದವರು ‘ತತ್ಸಮಾನ’ ಪ್ರಮಾಣಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಯಲ್ಲೂ ಹೀಗೇ. ಪದವಿಯಲ್ಲಿ ಓದಿರಬೇಕಾದ ವಿಷಯಗಳ ಪಟ್ಟಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಇವೆ. ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಇಲ್ಲ. ಸಿಬಿಜೆಡ್ ಮುಗಿಸಿರುವ ನಿಮಗೆ ಆ ಅರ್ಹತೆ ಈಗಾಗಲೇ ದಕ್ಕಿದೆ.

ಎಂಎಸ್ಸಿಗೆ ಹಿಡಿದ ದಾರಿಯಲ್ಲೇ ಬದುಕೆಲ್ಲ ನಡೆಯಬೇಕು ಎಂಬ ಭಯ ಬೇಡ. ರಾಘವೇಂದ್ರ ಗದಗಕರ್ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಎಂಎಸ್ಸಿ ಮಾಡಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್‌ಡಿ ಪಡೆದರು. ಆಮೇಲೆ ದಶಕಗಳ ಕಾಲ ಅಧ್ಯಯನ ಮಾಡಿದ್ದು ಕಾಗದದಂಥ ಗೂಡು ಕಟ್ಟುವ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು. ಗೂಡಿನ ರಾಣಿ ಹೋದರೆ ಮುಂದಿನ ರಾಣಿ ಯಾರು ಎಂಬಂಥ ಪ್ರಶ್ನೆಗಳ ಬೆನ್ನು ಹತ್ತಿ ಅವರು ಜಗತ್ತಿಗೆ ಗೊತ್ತಾದರು.

ಸಸ್ಯಶಾಸ್ತ್ರ ತೆಗೆದುಕೊಳ್ಳಿ. ಶಿರಸಿಯವರು ಕಾಡನ್ನು ಪಕ್ಕದಲ್ಲಿಟ್ಟುಕೊಂಡು ಬೇರೆಯದಕ್ಕೆ ಹೋಗಬೇಕಿದ್ದರೆ ಒಳ್ಳೆಯ ಕಾರಣವೇ ಬೇಕು, ‘ಸ್ಕೋಪ್’ ಅಂಥ ಕಾರಣವಲ್ಲ. ಅಪ್ಪನಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಲು ಕೊಡಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕದಲ್ಲಿರುವುದು ಸಸ್ಯಶಾಸ್ತ್ರದ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಘಟ್ಟದ ಕಾಡು ತಿರುಗಿದ ಕಥೆಯೇ. ಅಪ್ಪನ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ, ಮನಸ್ಸು ಕೊಂಚ ಮೆತ್ತಗಾದೀತು.

ನಾನು ಎನ್‌ಇಪಿ ಬ್ಯಾಚಿನವನು. ಮೂರು ವರ್ಷಕ್ಕೆ ಪದವಿ ಮುಗಿಸಿ ಎಂಎಸ್ಸಿಗೆ ಹೋಗಲೇ, ನಾಲ್ಕನೇ ವರ್ಷದ ಆನರ್ಸ್ ಮಾಡಿ ಒಂದು ವರ್ಷದ ಎಂಎಸ್ಸಿ ಮಾಡಲೇ?
– ವಿದ್ಯಾರ್ಥಿ, ದಾವಣಗೆರೆ

ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದ್ಧತಿ 2021-22ರಲ್ಲಿ ಬಂತು, 2024-25ರಲ್ಲಿ ಸೇರಿದವರಿಗೆ ಮತ್ತೆ ಮೂರು ವರ್ಷವಾಯಿತು. ನಡುವಿನ ನೀವು ಎರಡು ದೋಣಿಯ ಮೇಲೆ ಕಾಲಿಟ್ಟವರು. ಕಾಗದದ ಮೇಲೆ ಎರಡೂ ದಾರಿಗೆ ಐದೇ ವರ್ಷ. ನಿಜವಾದ ವ್ಯತ್ಯಾಸ ಬೇರೆ: ನಿಮ್ಮ ಕಾಲೇಜಿನಲ್ಲಿ ಆನರ್ಸ್‌ ನಡೆಸುವಷ್ಟು ಮೇಷ್ಟ್ರು, ಉಪಕರಣ ಇವೆಯೇ? ನಿಮಗೆ ಬೇಕಾದ ವಿಷಯದಲ್ಲಿ ಒಂದು ವರ್ಷದ ಎಂಎಸ್ಸಿಯನ್ನು ಯಾವ ವಿಶ್ವವಿದ್ಯಾಲಯ ಈಗಾಗಲೇ ನಡೆಸುತ್ತಿದೆ? ಎರಡಕ್ಕೂ ಬರಹದಲ್ಲಿ ಉತ್ತರ ಸಿಗದಿದ್ದರೆ ಮೂರು ವರ್ಷಕ್ಕೆ ಮುಗಿಸಿ ಎರಡು ವರ್ಷದ ಎಂಎಸ್ಸಿಗೆ ಸೇರಿ. ಪದವಿ ಕಾಲೇಜಿನ ಲ್ಯಾಬಿನಲ್ಲಿ ಇನ್ನೊಂದು ವರ್ಷ ಕೂರುವುದಕ್ಕಿಂತ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಎರಡು ವರ್ಷ ಕೂರುವುದು ಮೇಲು.

ನಾನು ರೈತ. ಮಗಳು ಬಿಎಸ್ಸಿ ಪಾಸಾಗಿದ್ದಾಳೆ, ಪ್ರಾಣಿಶಾಸ್ತ್ರದ ಎಂಎಸ್ಸಿ ಮಾಡಬೇಕೆಂದಿದ್ದಾಳೆ. ಮೈಸೂರಿಗೆ ಹೋಗುತ್ತೇನೆ ಎನ್ನುತ್ತಾಳೆ. ನಮಗೆ ಕಲಬುರಗಿಯೇ ದೂರ. ಖರ್ಚೂ ಇದೆ. ಎಲ್ಲಿ ಓದಿದರೂ ಒಂದೇ ಅಲ್ಲವೇ?
– ಒಬ್ಬ ತಂದೆ, ಸಿಂಧನೂರು

ಒಂದೇ ಅಲ್ಲ ಯಜಮಾನರೇ. ಆದರೆ ಮೈಸೂರು ದೊಡ್ಡದು, ಕಲಬುರಗಿ ಸಣ್ಣದು ಎಂಬ ಅರ್ಥದಲ್ಲಿ ಹೇಳುತ್ತಿಲ್ಲ. ಪಠ್ಯಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಒಂದೊಂದು ವಿಭಾಗಕ್ಕೆ ಅದರದೇ ಆದ ಆಸ್ತಿ ಇರುತ್ತದೆ. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗ ಹಣ್ಣಿನ ನೊಣ ಡ್ರೊಸೊಫಿಲಾ ಮೇಲಿನ ಸಂಶೋಧನೆಗೆ ಹೆಸರಾದದ್ದು. ಅಲ್ಲಿ ನಾನಾ ಬಗೆಯ ನೊಣಗಳ ಸಂಗ್ರಹವನ್ನೇ ಸಾಕಿ ಉಳಿಸಿಕೊಂಡು ಬಂದಿದ್ದಾರೆ, ತಳಿವಿಜ್ಞಾನ ಕಲಿಯುವವರಿಗೆ ಅದು ಬಂಗಾರ. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟಕ್ಕೆ ಭದ್ರಾ ಕಾಡು ಹತ್ತಿರ, ವನ್ಯಜೀವಿ ವಿಷಯಕ್ಕೆ ಅಲ್ಲಿ ಬೇರೆಯೇ ವಿಭಾಗವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಧಾರವಾಡದಲ್ಲಲ್ಲ, ಕಾರವಾರದ ಕೋಡಿಬಾಗದಲ್ಲಿ, ಸಮುದ್ರದ ಬಗಲಲ್ಲಿ. ಮಗಳಿಗೆ ಪ್ರಾಣಿಶಾಸ್ತ್ರದೊಳಗೆ ಏನು ಬೇಕು ಎಂದು ಕೇಳಿ. ಅವಳಿಗೂ ಇನ್ನೂ ಗೊತ್ತಿಲ್ಲದಿದ್ದರೆ ಕಲಬುರಗಿಯೇ ಸರಿ, ಅದರಲ್ಲಿ ಕಮ್ಮಿಯೇನಿಲ್ಲ.

ಇನ್ನು ಸೀಟು ಮತ್ತು ಖರ್ಚಿನ ಮಾತು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಅನುಕೂಲವಿದೆ. ನಿಮ್ಮ ಭಾಗದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು. ಅಂದರೆ ಮೈಸೂರಿನಲ್ಲೂ ಅವಳಿಗೆ ಒಂದು ಕಿಟಕಿ ತೆರೆದಿದೆ. ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಡಿ. ಕೌನ್ಸೆಲಿಂಗ್ ದಿನ ಓಡಾಡಿದರೆ ಆಗದು. ಜಾತಿ, ಆದಾಯ ಪ್ರಮಾಣಪತ್ರಗಳ ಅವಧಿ ಮುಗಿದಿದೆಯೇ ನೋಡಿಕೊಳ್ಳಿ. ಪ್ರವೇಶವಾದ ಕೂಡಲೇ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದೇ ಹೋದರೆ ವಿದ್ಯಾಸಿರಿ ಯೋಜನೆಯಲ್ಲಿ ವರ್ಷಕ್ಕೆ ಹತ್ತು ತಿಂಗಳು ಒಂದಿಷ್ಟು ನೆರವಿನ ಹಣ ಬರುತ್ತದೆ. ಮೈಸೂರಿನಲ್ಲಿ ಅಷ್ಟರಲ್ಲಿ ಕೋಣೆ ಬಾಡಿಗೆ ಕೊಟ್ಟು ಊಟ ಮಾಡಲಾಗದು ಎಂಬುದೂ ನಿಜ. ಆದ್ದರಿಂದ ಮೊದಲು ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ಅರ್ಜಿ, ಆಮೇಲೆ ಉಳಿದದ್ದು.

ಒಂದು ಮಾತು ಹೆಚ್ಚಿಗೆ ಹೇಳುತ್ತೇನೆ, ಕೇಳಿಸಿಕೊಳ್ಳಿ. ದೂರದ ಊರಿಗೆ ಮಗನೇ ಹೊರಟಿದ್ದರೆ ಈ ಪತ್ರ ಬರೆಯುತ್ತಿದ್ದಿರಾ?

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿ, ಬಿಎಸ್ಸಿಯನ್ನು ನೋಟ್ಸ್ ಬಾಯಿಪಾಠ ಮಾಡಿ ಪಾಸು ಮಾಡಿದೆ. ಈಗ ಎಂಎಸ್ಸಿ ಬಯೋಕೆಮಿಸ್ಟ್ರಿ ಸೀಟು ಸಿಕ್ಕಿದೆ. ಸೆಮಿನಾರ್ ಕೊಡಬೇಕಂತೆ. ನೆನೆದರೇ ಕೈ ನಡುಗುತ್ತದೆ.
– ವಿದ್ಯಾರ್ಥಿ, ಅರಕಲಗೂಡು

ಹೌದು, ಎಂಎಸ್ಸಿಯ ಪಾಠ, ಪರೀಕ್ಷೆ, ಸೆಮಿನಾರ್ ಎಲ್ಲ ಇಂಗ್ಲಿಷಿನಲ್ಲೇ. ಮುಂದೆ ಸಂಶೋಧನೆಗೆ, ಉಪನ್ಯಾಸಕ ಹುದ್ದೆಗೆ ಬರೆಯುವ ಅರ್ಹತಾ ಪರೀಕ್ಷೆ ಸಿಎಸ್‌ಐಆರ್ ನೆಟ್‌ನ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಬರುತ್ತದೆ, ಕನ್ನಡದಲ್ಲಿಲ್ಲ. ಇದು ಸರಿಯಲ್ಲ ಎಂದು ನಾನೂ ಹೇಳುತ್ತೇನೆ. ಆದರೆ ನಿಮ್ಮ ಮೊದಲ ಸೆಮಿಸ್ಟರ್ ಆ ವಾದ ಮುಗಿಯುವವರೆಗೆ ಕಾಯುವುದಿಲ್ಲ.

ನಿಮ್ಮ ತೊಂದರೆ ಇಂಗ್ಲಿಷ್ ಅಂದುಕೊಂಡಿದ್ದೀರಿ. ಪತ್ರ ಓದಿದರೆ ಬಾಯಿಪಾಠವೇ ತೊಂದರೆ ಎನಿಸುತ್ತದೆ. ಗ್ಲೈಕಾಲಿಸಿಸ್‌ನ ಹತ್ತು ಹಂತಗಳನ್ನು ಹೆಸರಿನಿಂದ ಕಲಿತರೆ ಪರೀಕ್ಷೆ ಮರುದಿನ ಮರೆಯುತ್ತದೆ. ಗ್ಲೂಕೋಸ್‌ನ ಆರು ಕಾರ್ಬನ್ ಮೂರು ಮೂರಾಗಿ ಎಲ್ಲಿ ಒಡೆಯಿತು, ಎಟಿಪಿ ಎಲ್ಲಿ ಖರ್ಚಾಯಿತು, ಎಲ್ಲಿ ಬಂತು ಎಂದು ಬಿಳಿ ಹಾಳೆಯ ಮೇಲೆ ಬರೆದುಕೊಂಡು, ಪಕ್ಕದವರಿಗೆ ಹಾಸನದ ಕನ್ನಡದಲ್ಲೇ ವಿವರಿಸಿ ನೋಡಿ. ಎರಡು ಖರ್ಚು, ನಾಲ್ಕು ಜಮಾ, ಉಳಿತಾಯ ಎರಡು ಎಂಬ ಲೆಕ್ಕ ಬಾಯಿಗೆ ಬಂದ ಮೇಲೆ ಅದನ್ನು ಇಂಗ್ಲಿಷಿಗೆ ತರುವುದು ಸಣ್ಣ ಕೆಲಸ. ಲೆಹ್ನಿಂಜರ್ ಪುಸ್ತಕವನ್ನು ದಿನಕ್ಕೆ ಎರಡೇ ಪುಟ ಓದಿ, ಆದರೆ ಪೂರ್ತಿ ಓದಿ. ಚಿತ್ರದ ಕೆಳಗಿನ ಸಣ್ಣಕ್ಷರದ ವಿವರಣೆಯನ್ನು ಮೊದಲು ಓದಿ. ಪುಸ್ತಕದ ಅರ್ಧ ಜೀವ ಅಲ್ಲಿದೆ. ಅಂತರ್ಜಾಲದಲ್ಲಿ ಸಿಗುವ ಎನ್‌ಪಿಟಿಇಎಲ್ ವಿಡಿಯೊ ಪಾಠಗಳು ಉಚಿತ. ಅರ್ಥವಾಗದ ಕಡೆ ನಿಲ್ಲಿಸಿ, ಹಿಂದಕ್ಕೆ ಹೋಗಿ ಕೇಳಬಹುದು. ಕ್ಲಾಸಿನಲ್ಲಿ ಮೇಷ್ಟ್ರನ್ನು ಹಾಗೆ ಹಿಂದಕ್ಕೆ ತಿರುಗಿಸಲಾಗುವುದಿಲ್ಲವಲ್ಲ.

ಸೆಮಿನಾರಿನಲ್ಲಿ ಸ್ಲೈಡನ್ನು ಓದುತ್ತಾ ನಿಲ್ಲಬೇಡಿ. ಒಂದೊಂದು ಸ್ಲೈಡಿಗೆ ಒಂದೇ ಚಿತ್ರ ಹಾಕಿ, ಅದಕ್ಕೆ ಬೆರಳು ತೋರಿಸಿ ಚಿಕ್ಕ ವಾಕ್ಯಗಳಲ್ಲಿ ಹೇಳಿ. ವ್ಯಾಕರಣ ತಪ್ಪಿದರೆ ನಗುವವರು ಒಬ್ಬರೋ ಇಬ್ಬರೋ ಇರುತ್ತಾರೆ. ಎರಡನೇ ಸೆಮಿಸ್ಟರಿನ ಹೊತ್ತಿಗೆ ಅವರೇ ನಿಮ್ಮ ನೋಟ್ಸ್ ಕೇಳಿಕೊಂಡು ಬರುತ್ತಾರೆ.

ನನಗೆ ಹುಲಿಗಳ ಅಧ್ಯಯನ ಮಾಡಬೇಕು. ಕಂಪ್ಯೂಟರ್, ಗಣಿತ ಎಂದರೆ ಆಗದು. ಯಾವ ಎಂಎಸ್ಸಿ ಸೇರಲಿ?
– ವಿದ್ಯಾರ್ಥಿ, ಮೂಡಿಗೆರೆ

ಎರಡನೇ ವಾಕ್ಯವನ್ನು ಹೊಡೆದುಹಾಕಿದರೆ ಮಾತ್ರ ಮೊದಲನೆಯದು ನಡೆಯುತ್ತದೆ.

ವನ್ಯಜೀವಿಗೇ ಮೀಸಲಾದ ಎರಡು ಎಂಎಸ್ಸಿಗಳು ದೇಶದಲ್ಲಿ ಹೆಸರುವಾಸಿ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯದು ಒಂದು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್, 2004ರಲ್ಲಿ ಶುರು ಮಾಡಿದ್ದು ಇನ್ನೊಂದು. ಎರಡರಲ್ಲೂ ಪ್ರವೇಶ ಪ್ರತಿವರ್ಷ ಇರುವುದಿಲ್ಲ, ಸೀಟೂ ಕಡಿಮೆ, ಪರೀಕ್ಷೆಯ ಮೇಲೆ ಸಂದರ್ಶನ. ಅದು ಸಿಗದಿದ್ದರೆ ಶಂಕರಘಟ್ಟದ ವನ್ಯಜೀವಿ ವಿಭಾಗ ಇದೆ, ಮಾಮೂಲಿ ಪ್ರಾಣಿಶಾಸ್ತ್ರವೂ ಇದೆ.

ಈಗ ಗಣಿತಕ್ಕೆ ಬರೋಣ. ಹಿಂದೆ ಹುಲಿಗಣತಿ ಎಂದರೆ ಹೆಜ್ಜೆಗುರುತಿನ ಮೇಲೆ ಗಾಜು ಇಟ್ಟು ಗೀಚಿಕೊಂಡು, ಪ್ಲಾಸ್ಟರ್ ಅಚ್ಚು ತೆಗೆದು, ಇದು ಬೇರೆ ಹುಲಿ, ಅದು ಬೇರೆ ಹುಲಿ ಎಂದು ಅಂದಾಜು ಮಾಡುವುದಾಗಿತ್ತು. ಒಂದೇ ಹುಲಿ ಕೆಸರಿನಲ್ಲಿ ನಡೆದರೆ ಒಂದು ಅಳತೆ, ಗಟ್ಟಿ ಮಣ್ಣಿನಲ್ಲಿ ಇನ್ನೊಂದು. ನಾಗರಹೊಳೆಯಲ್ಲಿ ಕೆಲಸ ಮಾಡಿದ ಉಲ್ಲಾಸ ಕಾರಂತರು ಬೇರೆ ದಾರಿ ಹಿಡಿದರು. ಪ್ರತಿ ಹುಲಿಯ ಪಟ್ಟೆಯೂ ಬೇರೆ ಬೇರೆ. ಕಾಲುದಾರಿಯಲ್ಲಿ ತಾನಾಗಿ ಕ್ಲಿಕ್ಕಿಸುವ ಕ್ಯಾಮೆರಾ ಇಟ್ಟರೆ ಯಾವ ಹುಲಿ ಎಷ್ಟು ಸಲ ಬಂತು ತಿಳಿಯುತ್ತದೆ. ಒಮ್ಮೆ ಫೋಟೊಗೆ ಸಿಕ್ಕ ಹುಲಿ ಮತ್ತೆ ಸಿಗುವ ಪ್ರಮಾಣ ನೋಡಿ, ಫೋಟೊಗೆ ಸಿಗದೇ ಉಳಿದ ಹುಲಿ ಎಷ್ಟಿರಬಹುದು ಎಂದು ಲೆಕ್ಕ ಹಾಕಬಹುದು. ಅವರ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಕಾಣದ್ದನ್ನು ಎಣಿಸುವ ಈ ಸಂಖ್ಯಾಶಾಸ್ತ್ರವೇ ಇವತ್ತಿನ ಹುಲಿ ವಿಜ್ಞಾನ. ಇನ್ನೂ ಒಂದು ಸಂಗತಿ: ಕಾರಂತರು ಮೊದಲು ಓದಿದ್ದು ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್. ಆಮೇಲೆ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಷಯದ ಸ್ನಾತಕೋತ್ತರ ಪದವಿ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. ಎಂಜಿನಿಯರಿಂಗಿನ ಗಣಿತ ಅವರಿಗೆ ದಂಡವಾಗಿರಲಾರದು.

ಈ ಕೆಲಸದಲ್ಲಿ ಕಾಡಿನಲ್ಲಿ ಕಳೆಯುವ ಪ್ರತಿ ತಿಂಗಳಿಗೆ ಕಂಪ್ಯೂಟರಿನ ಮುಂದೆ ಎರಡು ತಿಂಗಳು ಕೂತಿರಬೇಕಾಗುತ್ತದೆ. ‘ಆರ್’ ಎಂಬ ಉಚಿತ ತಂತ್ರಾಂಶವಿದೆ, ಇವತ್ತೇ ಇಳಿಸಿಕೊಂಡು ನಿಮ್ಮ ತೋಟಕ್ಕೆ ಬರುವ ಹಕ್ಕಿಗಳ ಲೆಕ್ಕದಿಂದಲೇ ಶುರು ಮಾಡಿ. ಹುಲಿಯನ್ನು ನೋಡುವುದಷ್ಟೇ ಆಸೆಯಾಗಿದ್ದರೆ ಸಫಾರಿ ಟಿಕೆಟ್ ಅಗ್ಗ.

ಪ್ರಾಣಿಶಾಸ್ತ್ರ ಇಷ್ಟ. ಆದರೆ ಕಪ್ಪೆ ಕೊಯ್ಯಲು ನನ್ನಿಂದಾಗದು.
– ವಿದ್ಯಾರ್ಥಿನಿ, ಉಡುಪಿ

ಕೊಯ್ಯಬೇಕಾಗಿಲ್ಲ. ಯುಜಿಸಿ 2011ರಲ್ಲಿ ಪ್ರಾಣಿ ಕೊಯ್ಯುವುದನ್ನು ಕಡಿಮೆ ಮಾಡಲು ಮಾರ್ಗಸೂಚಿ ತಂದು, 2014ರಲ್ಲಿ ಪೂರ್ತಿ ನಿಲ್ಲಿಸಲು ಹೇಳಿತು. ಈಗ ಮಾದರಿ, ವಿಡಿಯೊ, ಕಂಪ್ಯೂಟರಿನ ಮೇಲಿನ ಕೊಯ್ತ. ನಮ್ಮ ಕಾಲದವರು ಜಿರಳೆಯ ಬಾಯಿಯ ಭಾಗಗಳನ್ನು ಬಿಡಿಸಿ ಸ್ಲೈಡಿಗೆ ಏರಿಸಿದ್ದನ್ನು ಇವತ್ತಿಗೂ ಜಂಬದಿಂದ ಹೇಳಿಕೊಳ್ಳುತ್ತೇವೆ, ಅದು ಬೇರೆ ಮಾತು. ಸೇರಿಕೊಳ್ಳಿ.

ನಾಲ್ಕನೇ ಸೆಮಿಸ್ಟರ್ ಪ್ರಾಜೆಕ್ಟಿಗೆ ನಮ್ಮ ತರಗತಿಯ ಬಹಳ ಮಂದಿ ಬೆಂಗಳೂರಿನ ಖಾಸಗಿ ಲ್ಯಾಬಿಗೆ ದುಡ್ಡು ಕಟ್ಟಿ ಹೋಗುತ್ತಿದ್ದಾರೆ. ಒಂದು ತಿಂಗಳಲ್ಲಿ ರಿಸಲ್ಟ್, ಥೀಸಿಸ್, ಸರ್ಟಿಫಿಕೇಟ್ ಎಲ್ಲ ಕೊಡುತ್ತಾರಂತೆ. ವಿಭಾಗದಲ್ಲಿ ಕೆಮಿಕಲ್ಸ್ ಇಲ್ಲ. ನಾನೂ ಹೋಗಲೇ?
– ಎಂಎಸ್ಸಿ ವಿದ್ಯಾರ್ಥಿನಿ, ತುಮಕೂರು

ಬೇಡ. ಖಾಸಗಿ ಲ್ಯಾಬಿನಲ್ಲಿ ಕಲಿಯುವುದು ತಪ್ಪಲ್ಲ, ಕಲಿಸುವ ಜಾಗಗಳೂ ಇವೆ. ಆದರೆ ಫಲಿತಾಂಶ ಬರುವುದೆಂದು ಮೊದಲೇ ಖಾತರಿ ಕೊಡುವವರು ವಿಜ್ಞಾನವನ್ನು ಮಾರುತ್ತಿಲ್ಲ, ಬೈಂಡ್ ಮಾಡಿದ ಕಾಗದ ಮಾರುತ್ತಿದ್ದಾರೆ. ನಾಳೆ ಪಿಎಚ್‌ಡಿ ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆಯೇ ನಿಮ್ಮ ಪ್ರಾಜೆಕ್ಟಿನ ಮೇಲೆ. ಈ ಬಫರ್ ಯಾಕೆ ಹಾಕಿದಿರಿ, ಕಂಟ್ರೋಲ್ ಏನಿತ್ತು, ಮೊದಲ ಸಲ ಯಾಕೆ ಕೆಟ್ಟಿತು ಎಂದು ಕೇಳುತ್ತಾರೆ. ಕೆಡದೇ ಬಂದ ಪ್ರಾಜೆಕ್ಟಿನವರು ಅಲ್ಲೇ ತೊದಲುತ್ತಾರೆ. ಎಂಎಸ್ಸಿಯ ಎರಡು ವರ್ಷದಲ್ಲಿ ನಿಮ್ಮದೇ ಎನ್ನುವಂಥದ್ದು ಇದೊಂದೇ, ಉಳಿದದ್ದೆಲ್ಲ ಪಠ್ಯಕ್ರಮ.

ಕೆಮಿಕಲ್ಸ್ ಇಲ್ಲವೆಂದರೆ ಕೆಮಿಕಲ್ಸ್ ಬೇಡದ ಪ್ರಶ್ನೆ ಹಿಡಿಯಿರಿ. 2014ರಲ್ಲಿ ನಮ್ಮ ಪಶ್ಚಿಮ ಘಟ್ಟದಿಂದ ‘ಕುಂಬಾರ’ ಎಂಬ ಹೆಸರಿನ ಹೊಸ ಇರುಳುಗಪ್ಪೆ ವಿಜ್ಞಾನಕ್ಕೆ ಪರಿಚಯವಾಯಿತು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಮುಂಗಾಲಿನಲ್ಲಿ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದನ್ನು ಕಂಡುಕೊಳ್ಳಲು ಬೇಕಾದದ್ದು ಹಳ್ಳದ ಬದಿಯಲ್ಲಿ ರಾತ್ರಿ ಕಾಯುವ ತಾಳ್ಮೆ. ತುಮಕೂರಿನಲ್ಲಿ ದೇವರಾಯನದುರ್ಗ ಇದೆ, ಕೆರೆಗಳಿವೆ, ಹುಣಿಸೆ, ಹಲಸು ಇವೆ. ಹಲಸಿನ ಹೂವಿಗೆ ಯಾವ ಕೀಟ ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಒಂದು ಹಂಗಾಮು ನೋಡಿ ಬರೆದಿಟ್ಟರೆ ಅದು ಕೊಂಡು ತಂದ ಪಿಸಿಆರ್ ಚಿತ್ರಕ್ಕಿಂತ ಸಾವಿರ ಪಾಲು ಮೇಲು.

ಲ್ಯಾಬಿನ ಕೆಲಸವೇ ಬೇಕೆಂದಿದ್ದರೆ ದುಡ್ಡು ಕಟ್ಟುವ ದಾರಿಯಲ್ಲ, ದುಡ್ಡು ಸಿಗುವ ದಾರಿ ಇದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತವೆ. ಎರಡು ತಿಂಗಳು ದೇಶದ ಯಾವುದಾದರೂ ಒಳ್ಳೆಯ ಪ್ರಯೋಗಾಲಯದಲ್ಲಿ ಕೆಲಸ, ಜೊತೆಗೆ ಭತ್ಯೆ. ಅರ್ಜಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಕರೆಯುತ್ತಾರೆ, ಬೇಸಿಗೆಯಲ್ಲಿ ಎಚ್ಚೆತ್ತವರಿಗೆ ಸಿಗದು. ನಿಮಗೆ ತಡವಾಗಿರಬಹುದು, ಮೊದಲ ವರ್ಷದ ತಂಗಿಯರಿಗಾದರೂ ಹೇಳಿ.

ಎಂಎಸ್ಸಿ ಮೈಕ್ರೋಬಯಾಲಜಿ ಮುಗಿಯುತ್ತಿದೆ. ನೆಟ್‌ಗೆ ಕೂರಲೇ, ಕಂಪನಿ ಸೇರಲೇ? ಮನೆಯಲ್ಲಿ ಸಂಬಳ ಬೇಕು.
– ವಿದ್ಯಾರ್ಥಿ, ಮಾಲೂರು

ಮನೆಯಲ್ಲಿ ಸಂಬಳ ಬೇಕೆಂದ ಮೇಲೆ ಕಂಪನಿ ಸೇರಿ, ನೆಟ್ ಓದು ಜೊತೆಗಿರಲಿ. ನಿಮ್ಮ ವಿಷಯಕ್ಕೆ ಔಷಧ ಕಂಪನಿಗಳ ಗುಣಮಟ್ಟ ವಿಭಾಗದಲ್ಲಿ, ಅಂದರೆ ಕ್ಯೂಸಿಯಲ್ಲಿ, ನಿಜವಾದ ಬೇಡಿಕೆ ಇದೆ. ಚುಚ್ಚುಮದ್ದಿನಲ್ಲಿ ಬ್ಯಾಕ್ಟೀರಿಯಾದ ವಿಷ ಉಳಿದಿಲ್ಲವೆಂದು ಖಾತ್ರಿ ಮಾಡುವ ಪರೀಕ್ಷೆ, ನೀರಿನ ಪರೀಕ್ಷೆ, ಕ್ಲೀನ್ ರೂಮಿನ ಗಾಳಿಗೆ ಪ್ಲೇಟು ಒಡ್ಡಿ ಎಣಿಸುವುದು ಇಂಥವೇ ದಿನದ ಕೆಲಸ. ಶಿಫ್ಟ್ ಇರುತ್ತದೆ. ಪ್ರತಿಯೊಂದನ್ನೂ ಮಾಡಿದ ಕ್ಷಣದಲ್ಲೇ ಬರೆದು ಸಹಿ ಹಾಕಬೇಕು. ಬುದ್ಧಿವಂತಿಕೆಗಿಂತ ಶಿಸ್ತು ಕೇಳುವ ಕೆಲಸ ಅದು, ಬೇಸರ ಬಂದೀತು. ಸೇರುವ ಮುನ್ನ ರಾಜ್ಯ ಸರ್ಕಾರದ ಜೈವಿಕ ತಂತ್ರಜ್ಞಾನ ಕೌಶಲ ತರಬೇತಿ ಡಿಪ್ಲೊಮಾ ‘ಬಿಸೆಪ್’ ಬಗ್ಗೆಯೂ ವಿಚಾರಿಸಿ, ಅದರಲ್ಲಿ ಕಂಪನಿಯ ಇಂಟರ್ನ್‌ಶಿಪ್ ಸೇರಿದೆ.

ನೆಟ್ ವಿಚಾರ. ಸಿಎಸ್‌ಐಆರ್ ಲೈಫ್ ಸೈನ್ಸಸ್ ಪತ್ರಿಕೆ 200 ಅಂಕದ್ದು. ಎ ಭಾಗ ಸಾಮಾನ್ಯ ತಾರ್ಕಿಕ ಸಾಮರ್ಥ್ಯ, 30 ಅಂಕ. ಬಿ ಭಾಗ 70. ಸಿ ಭಾಗ 100. ಸಿ ಭಾಗದಲ್ಲಿ 75 ಪ್ರಶ್ನೆ ಕೊಟ್ಟು 25ಕ್ಕೆ ಮಾತ್ರ ಉತ್ತರಿಸಲು ಹೇಳುತ್ತಾರೆ, ತಲಾ ನಾಲ್ಕು ಅಂಕ. ಅಂದರೆ ಪಠ್ಯಕ್ರಮದ ಹದಿಮೂರು ಘಟಕಗಳನ್ನೂ ಮುಗಿಸುವ ಹಟ ಬೇಡ, ಐದಾರನ್ನು ಆಳವಾಗಿ ಓದಿದವರೇ ಗೆಲ್ಲುತ್ತಾರೆ. ತಪ್ಪಿದರೆ ಕಾಲು ಭಾಗ ಅಂಕ ಕಳೆಯುತ್ತಾರೆ, ಆದ್ದರಿಂದ ಊಹೆಯ ಉತ್ತರ ದುಬಾರಿ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆಬಾಡಿಗೆ ಭತ್ಯೆ. 2023ರಿಂದ ಇದು ಜಾರಿಯಲ್ಲಿದೆ. ಹೊಸದಾಗಿ ಕ್ಯೂಸಿ ಸೇರಿದವರ ಸಂಬಳಕ್ಕೆ ಹೋಲಿಸಿದರೆ ಇದು ಕಡಿಮೆಯಲ್ಲ ಎಂದು ಮನೆಯವರಿಗೂ ಹೇಳಿ.

ಪಾಠ ಹೇಳುವುದೇ ಗುರಿಯಾದರೆ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಸಾಕು. ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿದ್ದ ಅದನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುತ್ತದೆ. ಅದು ಅರ್ಹತೆ ಮಾತ್ರ, ಕೆಲಸವಲ್ಲ. ಕೆ-ಸೆಟ್ ಪಾಸಾಗಿ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ನನ್ನ ಒಳ್ಳೆಯ ವಿದ್ಯಾರ್ಥಿಗಳೇ ಅವರಲ್ಲಿದ್ದಾರೆ, ಆದ್ದರಿಂದ ಇದನ್ನು ಹಗುರವಾಗಿ ಬರೆಯಲಾರೆ.

ನಾನು ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ, ಎರಡು ಮಕ್ಕಳ ತಾಯಿ. ದೂರಶಿಕ್ಷಣದಲ್ಲಿ ಎಂಎಸ್ಸಿ ಸಸ್ಯಶಾಸ್ತ್ರ ಮಾಡಬಹುದೇ? ಬೆಲೆ ಇದೆಯೇ?
– ಶಿಕ್ಷಕಿ, ಗದಗ

ಮಾಡಬಹುದಮ್ಮ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಇದೆ. 2013-14ರಿಂದ ಅದಕ್ಕೆ ಯುಜಿಸಿ ಮಾನ್ಯತೆ ಇಲ್ಲದಾಗಿ, ಹಲವು ಸಾವಿರ ಮಂದಿ ಪೇಚಾಡಿದ್ದು ನಿಮಗೂ ನೆನಪಿರಬಹುದು. 2018ರಲ್ಲಿ ಮಾನ್ಯತೆ ಮರಳಿತು. ಮಾನ್ಯತೆ ಇರುವ ದೂರಶಿಕ್ಷಣದ ಪದವಿ ಮಾಮೂಲಿ ಪದವಿಗೆ ಸಮ ಎಂದು ಯುಜಿಸಿಯೇ ಹೇಳಿದೆ. ಆದರೂ ನೀವು ಸೇರುವ ವರ್ಷದ ಮಾನ್ಯತೆಯ ಪಟ್ಟಿಯಲ್ಲಿ ‘ಎಂಎಸ್ಸಿ ಸಸ್ಯಶಾಸ್ತ್ರ’ ಎಂಬ ಸಾಲು ಇದೆಯೇ ಎಂದು ಕಣ್ಣಾರೆ ನೋಡಿ, ಆ ಪುಟವನ್ನು ಮುದ್ರಿಸಿ ಅಂಕಪಟ್ಟಿಯ ಜೊತೆ ಇಟ್ಟುಕೊಳ್ಳಿ. ಪ್ರಾಯೋಗಿಕ ತರಗತಿಗೆ ರಜೆ ಹಾಕಿ ಹೋಗಲೇಬೇಕು, ಆ ದಿನಗಳಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಮನೆಯಲ್ಲಿ ಮಾತಾಡಿ ಮುಗಿಸಿ. ಕಪ್ಪತಗುಡ್ಡ ನಿಮ್ಮ ಊರಿನ ಪಕ್ಕದಲ್ಲೇ ಇದೆ. ಔಷಧಿ ಗಿಡಗಳ ಮೇಲೆ ಕೆಲಸ ಮಾಡಲು ಮೈಸೂರಿಗಿಂತ ಗದಗದವರಿಗೇ ಅನುಕೂಲ.

ಜರ್ಮನಿಯಲ್ಲಿ ಎಂಎಸ್ಸಿ ಬಯಾಲಜಿ ಉಚಿತವಂತೆ. ಹೌದೇ?
– ವಿದ್ಯಾರ್ಥಿ, ಮಂಗಳೂರು

ಬೋಧನಾ ಶುಲ್ಕ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕುತ್ತದೆ. ಆದರೆ ವೀಸಾಕ್ಕೆ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಬ್ಲಾಕ್ಡ್ ಖಾತೆಯಲ್ಲಿ ತೋರಿಸಬೇಕು. 2024ರ ಲೆಕ್ಕದಲ್ಲಿ 11,904 ಯೂರೊ, ಅಂದರೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಅಂಕಪಟ್ಟಿಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರ ಬೇರೆ ಬೇಕು. ಪಿಎಚ್‌ಡಿಯೇ ನಿಮ್ಮ ಗುರಿಯಾಗಿದ್ದರೆ ಎಂಎಸ್ಸಿ ಇಲ್ಲೇ ಮುಗಿಸಿ, ಅಲ್ಲಿಯ ಪಿಎಚ್‌ಡಿಗೆ ಅರ್ಜಿ ಹಾಕಿ. ಆಗ ನೀವು ಖಾತೆಯಲ್ಲಿ ದುಡ್ಡಿಡುವುದಿಲ್ಲ, ಅವರೇ ಸಂಬಳ ಕೊಡುತ್ತಾರೆ.

ಎಂಎಸ್ಸಿಯಲ್ಲಿ ನನಗೆ ಶೇ 54.7 ಬಂದಿದೆ. ನೆಟ್, ಕೆ-ಸೆಟ್‌ಗೆ 55 ಬೇಕಂತೆ. 0.3 ತಾನೇ, ರೌಂಡ್ ಆಫ್ ಮಾಡುವುದಿಲ್ಲವೇ?
– ವಿದ್ಯಾರ್ಥಿನಿ, ಹಾವೇರಿ

ಮಾಡುವುದಿಲ್ಲ. ಯುಜಿಸಿಯ ನಿಯಮದಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ 50 ಸಾಕು. ನೀವು ಬೇರೆ ಪ್ರವರ್ಗದವರಾದರೆ ಆಯಾ ಪರೀಕ್ಷೆಯ ಅಧಿಸೂಚನೆಯಲ್ಲಿ ನಿಮ್ಮ ಪ್ರವರ್ಗದ ಎದುರು ಎಷ್ಟಿದೆ ನೋಡಿ, ಎರಡಕ್ಕೂ ಒಂದೇ ನಿಯಮ ಎಂದುಕೊಳ್ಳಬೇಡಿ. ಸಾಮಾನ್ಯ ವರ್ಗವಾದರೆ ಅಂಕ ಉತ್ತಮಪಡಿಸಿಕೊಳ್ಳಲು ನಿಮ್ಮ ವಿಶ್ವವಿದ್ಯಾಲಯ ಅವಕಾಶ ಕೊಡುತ್ತದೆಯೇ, ಎಷ್ಟು ವರ್ಷದೊಳಗೆ ಎಂದು ಪರೀಕ್ಷಾಂಗ ಕುಲಸಚಿವರ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಫೋನಿನಲ್ಲಿ ಕೇಳಬೇಡಿ, ‘ನೋಡೋಣ ಬನ್ನಿ’ ಎನ್ನುತ್ತಾರೆ. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ಒಂದು ಪತ್ರಿಕೆಯನ್ನು ಮತ್ತೆ ಬರೆಯಲು ಬಿಟ್ಟರೆ ಅತಿ ಕಡಿಮೆ ಅಂಕ ಬಂದದ್ದನ್ನೇ ಆರಿಸಿ. ನಿಮ್ಮ ಅಂಕಪಟ್ಟಿಯಲ್ಲಿ ಅದು ಬಯೋಸ್ಟಾಟಿಸ್ಟಿಕ್ಸ್ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ.